ಕಾದಂಬರಿಗೊಂದು ಹೊಸ್ತಿಲು

ಪ್ರಬಂಧ ಬರೆಯಲು ಕುಳಿತ ವಿದ್ಯಾರ್ಥಿಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವನ ಕಷ್ಟವೆಲ್ಲ ಮೊದಲ ಸಾಲಿನಲ್ಲಿದೆ. ಒಂದು ವಾಕ್ಯ ಬರೆಯುತ್ತಾನೆ, ಹೊಡೆದು ಹಾಕುತ್ತಾನೆ. ಇನ್ನೊಂದು ಬರೆಯುತ್ತಾನೆ, ಅದೂ ಮನಸ್ಸಿಗೆ ಒಪ್ಪುವುದಿಲ್ಲ. ಹಾಳೆ ಹರಿದು ಮುದ್ದೆಯಾಗಿ ಮೂಲೆ ಸೇರುತ್ತದೆ. 'ಮೊದಲು ಪೀಠಿಕೆ ಬರಿ, ಉಳಿದದ್ದು ತಾನಾಗಿ ಬರುತ್ತೆ' ಎಂದು ಅಡುಗೆಮನೆಯಿಂದ ತಾಯಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಎರಡು ಪುಟದ ಪ್ರಬಂಧಕ್ಕೇ ಇಷ್ಟು ಪಾಡಾದರೆ, ಮುನ್ನೂರು ಪುಟದ ಕಾದಂಬರಿ ಬರೆಯುವವರ ಗತಿಯೇನು?

ಕಾದಂಬರಿಯ ಆರಂಭ ಮನೆಯ ಹೊಸ್ತಿಲಿದ್ದಂತೆ. ಹೊಸ್ತಿಲು ವಾಸಕ್ಕಲ್ಲ, ಒಳಗೆ ಹೋಗುವುದಕ್ಕೆ. ಆದರೆ ಅದನ್ನು ಎಲ್ಲಿ ಇಡಬೇಕೆಂಬುದನ್ನು ತಪ್ಪಾಗಿ ತೀರ್ಮಾನಿಸಿದರೆ ಇಡೀ ಮನೆಯ ದಿಕ್ಕೇ ಬದಲಾಗುತ್ತದೆ. ಈ ತೀರ್ಮಾನ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಎರಡು ಶತಮಾನಗಳಷ್ಟು ಹಳೆಯದಾದ ಒಂದು ಇಂಗ್ಲಿಷ್ ಕಾದಂಬರಿ ಬಹಳ ಅನುಕೂಲವಾಗಿದೆ. ಅದೇ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್'. ವಿಜ್ಞಾನದ ವಿದ್ಯಾರ್ಥಿಗಳಿಗಂತೂ ಇದು ಪರಿಚಯವಿರಲೇಬೇಕಾದ ಪುಸ್ತಕ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ಫ್ರಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರಲ್ಲ. ಅದು ಆ ಜೀವಿಯನ್ನು ಸೃಷ್ಟಿಸಿದ ತರುಣ ವಿಕ್ಟರ್ ಫ್ರಾಂಕೆನ್‌ಸ್ಟೈನನ ಹೆಸರು. ಅವನು ಸೃಷ್ಟಿಸಿದ ಜೀವಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಹುಟ್ಟಿಸಿದವನು ಹೆಸರಿಡುವ ಮೊದಲೇ ಹೆದರಿ ಓಡಿಹೋದ ಎಂಬುದೇ ಕಥೆಯ ದುರಂತ.

ಬೇಸಿಗೆ ಇಲ್ಲದ ವರ್ಷ

ಈ ಕಾದಂಬರಿ ಹುಟ್ಟಿದ ಬಗೆಯೂ ಸ್ವಾರಸ್ಯಕರ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಾಂಬೋರಾ ಎಂಬ ಜ್ವಾಲಾಮುಖಿ ಭೀಕರವಾಗಿ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ವಾಯುಮಂಡಲದ ಮೇಲ್ಪದರವನ್ನು ಸೇರಿ, ಅತಿ ಸೂಕ್ಷ್ಮ ಕಣಗಳಾಗಿ ಹರಡಿ, ಸೂರ್ಯನ ಬೆಳಕಿನ ಒಂದು ಪಾಲನ್ನು ಹಿಂದಕ್ಕೆ ಪ್ರತಿಫಲಿಸಿತು. ಪರಿಣಾಮವಾಗಿ 1816ರಲ್ಲಿ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲವೆನ್ನುವಂತಾಯಿತು. ಮಳೆ, ಚಳಿ, ಬೆಳೆನಾಶ. ಇತಿಹಾಸದಲ್ಲಿ ಅದು 'ಬೇಸಿಗೆ ಇಲ್ಲದ ವರ್ಷ' ಎಂದೇ ಹೆಸರಾಯಿತು.

ಆ ವರ್ಷ ಜೂನ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿ ಕೆಲವು ಇಂಗ್ಲಿಷ್ ತರುಣ ತರುಣಿಯರು ತಂಗಿದ್ದರು. ಕವಿ ಲಾರ್ಡ್ ಬೈರನ್, ಅವನ ವೈದ್ಯ ಜಾನ್ ಪೊಲಿಡೊರಿ, ಕವಿ ಪರ್ಸಿ ಶೆಲ್ಲಿ ಮತ್ತು ಮೇರಿ ಅವರಲ್ಲಿ ಸೇರಿದ್ದರು. ಮೇರಿಗೆ ಆಗ 18 ವರ್ಷ. ಮಳೆಯಿಂದಾಗಿ ಹೊರಗೆ ಹೋಗುವಂತಿಲ್ಲ. ದೆವ್ವದ ಕಥೆಗಳ ಒಂದು ಸಂಗ್ರಹವನ್ನು ಓದಿ ಕಾಲ ಕಳೆಯುತ್ತಿದ್ದಾಗ, ಪ್ರತಿಯೊಬ್ಬರೂ ಅಂಥದೊಂದು ಕಥೆ ಬರೆಯಬೇಕೆಂದು ಬೈರನ್ ಸೂಚಿಸಿದ.

ಉಳಿದವರು ಬರೆಯತೊಡಗಿದರು. ಮೇರಿಗೆ ಮಾತ್ರ ಏನೂ ಹೊಳೆಯಲಿಲ್ಲ. ಕಥೆ ಸಿಕ್ಕಿತೇ ಎಂದು ಪ್ರತಿದಿನ ಬೆಳಿಗ್ಗೆ ಕೇಳುತ್ತಿದ್ದರೆಂದೂ, ಇಲ್ಲವೆಂದು ಹೇಳುವಾಗ ನಾಚಿಕೆಯಾಗುತ್ತಿತ್ತೆಂದೂ ಆಕೆ ಮುಂದೆ 1831ರಲ್ಲಿ ಬರೆದುಕೊಂಡಿದ್ದಾಳೆ. ಖಾಲಿ ಹಾಳೆಯ ಮುಂದೆ ಕುಳಿತ ಯಾವ ವಿದ್ಯಾರ್ಥಿಗೂ ಈ ಮಾತು ಸಮಾಧಾನ ಕೊಡಬೇಕು.

ಒಂದು ರಾತ್ರಿ ಬೈರನ್ ಮತ್ತು ಶೆಲ್ಲಿ ಜೀವದ ಮೂಲವೇನೆಂದು ಚರ್ಚಿಸುತ್ತಿದ್ದರು. ಆ ಕಾಲದಲ್ಲಿ ಇದು ಬಿಸಿ ಬಿಸಿ ವಿಷಯ. ಇಟಲಿಯ ಲೂಯಿಗಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶಕ್ಕೆ ಅದುರುವುದನ್ನು ಕಂಡು 1791ರಲ್ಲಿ ಪ್ರಕಟಿಸಿದ್ದ. ಅವನ ವಿವರಣೆಯನ್ನು ಒಪ್ಪದ ವೋಲ್ಟಾ 1800ರಲ್ಲಿ ವಿದ್ಯುತ್ಕೋಶವನ್ನೇ ಕಂಡುಹಿಡಿದ. ಹಾಗಾದರೆ ಸತ್ತ ದೇಹಕ್ಕೆ ಮತ್ತೆ ಜೀವ ತುಂಬಬಹುದೇ? ಈ ಮಾತುಗಳನ್ನು ಕೇಳುತ್ತ ಮಲಗಿದ ಮೇರಿಗೆ ನಿದ್ದೆ ಹತ್ತಲಿಲ್ಲ. ತಾನು ಜೋಡಿಸಿದ ದೇಹ ಕದಲುವುದನ್ನು ನೋಡಿ ಬೆಚ್ಚಿಬಿದ್ದ ಒಬ್ಬ ತರುಣನ ಚಿತ್ರ ಕಣ್ಣಿಗೆ ಕಟ್ಟಿತು. ಮರುದಿನವೇ ಆಕೆ ಬರೆಯಲು ಕುಳಿತಳು.

ಮೊದಲು ಬರೆದದ್ದು ಮೊದಲಲ್ಲ

ಆಕೆ ಮೊದಲು ಬರೆದದ್ದೇನು? ನವೆಂಬರ್ ತಿಂಗಳ ಮಂಕು ಕವಿದ ಒಂದು ರಾತ್ರಿ, ವಿಕ್ಟರನ ಕಣ್ಣೆದುರೇ ಆ ಜೀವಿ ಕಣ್ಣು ಬಿಡುವ ಸನ್ನಿವೇಶ. ಮೇರಿಯ ಮನಸ್ಸಿನಲ್ಲಿ ಆಗ ಇದ್ದದ್ದು ಕೆಲವೇ ಪುಟಗಳ ಒಂದು ಸಣ್ಣ ಕಥೆ. ಸಣ್ಣ ಕಥೆಗೆ ಅದು ತಕ್ಕ ಆರಂಭವೇ ಸರಿ. ಮೊದಲ ವಾಕ್ಯಕ್ಕೇ ಓದುಗನ ಮೈ ಜುಮ್ಮೆನ್ನುತ್ತದೆ.

ಆದರೆ ಇದನ್ನು ದೊಡ್ಡದಾಗಿ ಬೆಳೆಸುವಂತೆ ಪರ್ಸಿ ಶೆಲ್ಲಿ ಒತ್ತಾಯಿಸಿದ. ಕಥೆ ಬೆಳೆದು ಕಾದಂಬರಿಯಾಗಿ 1818ರ ಜನವರಿ 1ರಂದು ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅಚ್ಚಾದದ್ದು 500 ಪ್ರತಿ. ಲೇಖಕಿಯ ಹೆಸರು ಇರಲಿಲ್ಲ. ಆ ಪುಸ್ತಕವನ್ನು ಬಿಡಿಸಿದವರಿಗೆ ನವೆಂಬರ್ ರಾತ್ರಿ ಮೊದಲ ಪುಟದಲ್ಲಿ ಸಿಗಲಿಲ್ಲ. ಅದು ನಾಲ್ಕನೆಯ ಅಧ್ಯಾಯಕ್ಕೆ ಸರಿದಿತ್ತು. 1831ರ ಪರಿಷ್ಕೃತ ಆವೃತ್ತಿಯಲ್ಲಿ ಅದು ಐದನೆಯ ಅಧ್ಯಾಯವಾಯಿತು. ಅತ್ಯಂತ ರೋಮಾಂಚಕಾರಿಯಾದ, ಎಲ್ಲಕ್ಕಿಂತ ಮೊದಲು ಬರೆದ ಭಾಗವನ್ನು ಲೇಖಕಿ ತಾನಾಗಿಯೇ ಹಿಂದಕ್ಕೆ ತಳ್ಳಿದ್ದಳು. ಏಕೆ?

ಈ ಪ್ರಶ್ನೆಗೆ ಉತ್ತರಿಸುವ ಮೊದಲು ಕಾದಂಬರಿಯನ್ನು ಆರಂಭಿಸಲು ಎಷ್ಟು ದಾರಿಗಳಿವೆ ಎಂಬುದನ್ನು ನೋಡಬೇಕು. ಮುಖ್ಯವಾಗಿ ನಾಲ್ಕು. ಒಂದು, ಮುನ್ನುಡಿ. ಇದು ಕಥೆಯ ಹೊರಗಿನದು. ಲೇಖಕರು ಓದುಗರೊಡನೆ ನೇರವಾಗಿ ಆಡುವ ಮಾತು. ಎರಡು, ಪೂರ್ವಕಥೆ. ಇದು ಕಥೆಯ ಒಳಗಿನದೇ, ಆದರೆ ಬೇರೆ ಕಾಲ, ಬೇರೆ ಸ್ಥಳ, ಬೇರೆ ವ್ಯಕ್ತಿಗಳಿಗೆ ಸೇರಿದ್ದು. ಯಕ್ಷಗಾನದ ಪೂರ್ವರಂಗದಂತೆ ಇದು ಪ್ರಸಂಗಕ್ಕಿಂತ ಮೊದಲೇ ಬರುತ್ತದೆ. ಮೂರು, ನಾಯಕನ ಹುಟ್ಟು, ಊರು, ಮನೆತನಗಳಿಂದ ಕ್ರಮವಾಗಿ ಸಾಗುವ ಮೊದಲ ಅಧ್ಯಾಯ. ನಾಲ್ಕು, ಪರಿಚಯವೇನೂ ಇಲ್ಲದೆ ಘಟನೆಯ ನಡುವಿಗೇ ಧುಮುಕುವುದು.

ವಿಶೇಷವೆಂದರೆ ಮೇರಿ ಶೆಲ್ಲಿಯ ಈ ಒಂದೇ ಪುಸ್ತಕದಲ್ಲಿ ನಾಲ್ಕೂ ಕಾಣಸಿಗುತ್ತವೆ. 1818ರ ಮುನ್ನುಡಿಯನ್ನು ಲೇಖಕರ ಹೆಸರಿನಲ್ಲಿ ಬರೆದವನು ಪರ್ಸಿ ಶೆಲ್ಲಿ. ಕಾದಂಬರಿಯೂ ಅವನದೇ ಇರಬೇಕೆಂದು ಹಲವರು ಭಾವಿಸಿದರು. 1823ರ ಎರಡನೆಯ ಆವೃತ್ತಿಯಲ್ಲಿ ಮೇರಿಯ ಹೆಸರು ಬಂತು. 1831ರಲ್ಲಿ ಆಕೆಯೇ ಹೊಸ ಪ್ರಸ್ತಾವನೆ ಬರೆದು ಕಥೆ ಹುಟ್ಟಿದ ಸಂದರ್ಭವನ್ನು ವಿವರಿಸಿದಳು. ವಿಕ್ಟರನ ಮನೆತನದಿಂದ ಮೊದಲಾಗುವ ಅಧ್ಯಾಯವಿದೆ. ಒಮ್ಮೆ ಆರಂಭವಾಗಿದ್ದ ನವೆಂಬರ್ ರಾತ್ರಿಯಿದೆ. ಇವೆಲ್ಲವುಗಳ ಜೊತೆಗೆ, ಕಥೆಯ ನಿಜವಾದ ಹೊಸ್ತಿಲಾಗಿ ಆಕೆ ಆರಿಸಿಕೊಂಡದ್ದು ಒಂದು ಪೂರ್ವಕಥೆಯನ್ನು. ಅದು ನಾಲ್ಕು ಪತ್ರಗಳ ರೂಪದಲ್ಲಿದೆ.

ಹಿಮದ ನಾಡಿನಿಂದ ನಾಲ್ಕು ಪತ್ರಗಳು

ಪತ್ರ ಬರೆಯುವವನು ರಾಬರ್ಟ್ ವಾಲ್ಟನ್ ಎಂಬ 28 ವರ್ಷದ ಇಂಗ್ಲಿಷ್ ತರುಣ. ಇಂಗ್ಲೆಂಡಿನಲ್ಲಿರುವ ಸಹೋದರಿ ಮಾರ್ಗರೆಟ್‌ಗೆ ಬರೆಯುತ್ತಿದ್ದಾನೆ. ಮೊದಲ ಪತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಿಂದ ಡಿಸೆಂಬರ್ 11ರಂದು ಹೊರಟದ್ದು. ಉತ್ತರ ಧ್ರುವದ ಕಡೆಗೆ ಹಡಗು ಒಯ್ಯಬೇಕೆಂಬುದು ಅವನ ಹಂಬಲ. ಅಲ್ಲಿ ಹಿಮವಿಲ್ಲದ, ಸೂರ್ಯ ಮುಳುಗದ ಸುಂದರ ಪ್ರದೇಶವಿದೆಯೆಂದು ಅವನು ನಂಬಿದ್ದಾನೆ. ಕಾಂತಸೂಚಿಯನ್ನು ಸೆಳೆಯುವ ಶಕ್ತಿಯ ಗುಟ್ಟನ್ನೂ ಬಿಡಿಸಬೇಕೆಂಬ ಆಸೆ.

ಧ್ರುವದಲ್ಲಿ ಹಿಮವಿಲ್ಲದ ಸಮುದ್ರವಿದೆ ಎಂಬುದು ಆ ಕಾಲದಲ್ಲಿ ಕೆಲವು ತಿಳಿದವರೂ ನಂಬಿದ್ದ ಸಂಗತಿ. ಅದು ಸುಳ್ಳೆಂದು ಮುಂದೆ ಗೊತ್ತಾಯಿತು. ಉತ್ತರ ಕಾಂತಧ್ರುವದ ಸ್ಥಾನವನ್ನು ಜೇಮ್ಸ್ ಕ್ಲಾರ್ಕ್ ರಾಸ್ ಗುರುತಿಸಿದ್ದು 1831ರ ಜೂನ್ 1ರಂದು. ಕಾದಂಬರಿಯ ಪರಿಷ್ಕೃತ ಆವೃತ್ತಿ ಹೊರಬಂದದ್ದೂ ಅದೇ ವರ್ಷ. ವಾಲ್ಟನ್ ಕಲ್ಪನೆಯ ವ್ಯಕ್ತಿಯಾದರೂ ಅವನ ಹಂಬಲ ಆ ಕಾಲದ ನಿಜವಾದ ಹಂಬಲವೇ ಆಗಿತ್ತು.

ನಾಲ್ಕನೆಯ ಪತ್ರದ ಹೊತ್ತಿಗೆ ಹಡಗನ್ನು ಹಿಮಗಡ್ಡೆಗಳು ಸುತ್ತುವರಿದಿವೆ. ಮಂಜು ಸರಿದಾಗ ದೂರದಲ್ಲಿ, ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಒಂದು ದೈತ್ಯಾಕೃತಿ ಉತ್ತರಕ್ಕೆ ಹೋಗುವುದು ಕಾಣಿಸುತ್ತದೆ. ಮರುದಿನ ಬೆಳಿಗ್ಗೆ ತೇಲುವ ಹಿಮದ ತುಂಡಿನ ಮೇಲೆ ಇನ್ನೊಂದು ಬಂಡಿ. ಅದರಲ್ಲಿ ಸಾವಿಗೆ ಹತ್ತಿರವಾದ ಒಬ್ಬ ಮನುಷ್ಯ. ಜೀವ ಹೋಗುವ ಸ್ಥಿತಿಯಲ್ಲೂ ಅವನು ಹಡಗು ಹತ್ತುವ ಮೊದಲು, ಇದು ಯಾವ ಕಡೆಗೆ ಹೋಗುತ್ತಿದೆ ಎಂದು ಕೇಳುತ್ತಾನೆ! ಅವನೇ ವಿಕ್ಟರ್ ಫ್ರಾಂಕೆನ್‌ಸ್ಟೈನ್. ವಾಲ್ಟನನಲ್ಲಿ ತನ್ನದೇ ಹಳೆಯ ಹುಚ್ಚನ್ನು ಕಂಡು ಅವನು ತನ್ನ ಕಥೆ ಹೇಳಲು ಒಪ್ಪುತ್ತಾನೆ. 1831ರ ಆವೃತ್ತಿಯಲ್ಲಂತೂ, ಜ್ಞಾನ ಸಂಪಾದನೆಗೆ ಒಬ್ಬ ಮನುಷ್ಯನ ಪ್ರಾಣ ದೊಡ್ಡ ಬೆಲೆಯಲ್ಲ ಎಂಬ ಅರ್ಥದ ಮಾತನ್ನು ವಾಲ್ಟನ್ ಆಡುತ್ತಾನೆ. ಅದನ್ನು ಕೇಳಿ ವಿಕ್ಟರ್ ನರಳುತ್ತಾನೆ.

ಈ ಆರಂಭದಿಂದ ಏನು ಲಾಭ? ಮೊದಲನೆಯದು, ನಂಬಿಕೆ. ಹೆಣದ ತುಂಡುಗಳಿಂದ ಮನುಷ್ಯನನ್ನು ಮಾಡಿದೆ ಎಂದು ಯಾರಾದರೂ ನೇರವಾಗಿ ಹೇಳಿದರೆ ಓದುಗ ನಕ್ಕುಬಿಡಬಹುದು. ಆದರೆ ಊಟ, ಹಣ, ಹಡಗಿನ ಬಾಡಿಗೆ, ಚಳಿ ಎಂದು ಬರೆಯುವ ವಾಲ್ಟನ್ ನಂಬತಕ್ಕ ಮನುಷ್ಯ. ಅವನು ಆ ಆಕೃತಿಯನ್ನು ಕಣ್ಣಾರೆ ಕಂಡಿದ್ದಾನೆ. ನ್ಯಾಯಾಲಯದಲ್ಲಿ ಸಾಕ್ಷಿಗಿರುವ ಬೆಲೆ ಇಲ್ಲಿ ಅವನಿಗಿದೆ.

ಎರಡನೆಯದು, ಕೇಳುಗ. ವಿಕ್ಟರನ ಬದುಕು ಮುಗಿದಿದೆ. ಅವನು ಏನು ಕಲಿತರೂ ಅವನಿಗೆ ಉಪಯೋಗವಿಲ್ಲ. ಆದರೆ ವಾಲ್ಟನ್ ಇನ್ನೂ ದಾರಿಯ ನಡುವೆ ಇದ್ದಾನೆ, ಹಿಂದಿರುಗಬಲ್ಲ. ಅವನ ಕೈಯಲ್ಲಿ ಅವನದಷ್ಟೇ ಅಲ್ಲ, ಹಡಗಿನಲ್ಲಿರುವವರೆಲ್ಲರ ಪ್ರಾಣವಿದೆ. ಹೀಗಾಗಿ 'ಮುಂದೇನಾಯಿತು' ಎಂಬ ಪ್ರಶ್ನೆಯ ಜೊತೆಗೆ 'ಇದನ್ನು ಕೇಳಿದವನು ಏನು ಮಾಡುತ್ತಾನೆ' ಎಂಬ ಇನ್ನೊಂದು ಪ್ರಶ್ನೆ ಕಾದಂಬರಿಯ ಉದ್ದಕ್ಕೂ ಜೀವಂತವಾಗಿರುತ್ತದೆ.

ಮೂರನೆಯದು, ಮನೆ. ಪತ್ರಗಳು ಹೋಗುವುದು ಮನೆಯಲ್ಲಿ ಕಾಯುತ್ತಿರುವ ಸಹೋದರಿಗೆ. ಆಕೆಯ ಒಂದು ಉತ್ತರವೂ ಪುಸ್ತಕದಲ್ಲಿಲ್ಲ. ಆದರೆ ಇಡೀ ಕಥೆಯನ್ನು ಓದುವವಳು ಆಕೆಯೇ. ಸಾಹಸಕ್ಕೆ ಹೊರಟ ಪ್ರತಿಯೊಬ್ಬನ ಹಿಂದೆ ಅವನಿಗಾಗಿ ಕಾಯುವವರೊಬ್ಬರಿರುತ್ತಾರೆ ಎಂಬುದು ಒಂದು ಮಾತನ್ನೂ ವ್ಯರ್ಥ ಮಾಡದೆ ಓದುಗನ ಮನಸ್ಸಿಗೆ ಇಳಿಯುತ್ತದೆ.

ತೆಗೆದು ನೋಡಿದರೆ

ವಿಜ್ಞಾನದಲ್ಲಿ ಒಂದು ವಸ್ತುವಿನ ಪಾತ್ರವನ್ನು ತಿಳಿಯಲು ಅದನ್ನು ತೆಗೆದುಹಾಕಿ ಪ್ರಯೋಗವನ್ನು ಮತ್ತೆ ಮಾಡುತ್ತಾರೆ. ಬೆಳಕಿಲ್ಲದ ಕಡೆ ಗಿಡವಿಟ್ಟು ಬೆಳಕಿನ ಅಗತ್ಯವನ್ನು ತೋರಿಸುವುದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಈ ಕಾದಂಬರಿಯ ವಿಷಯದಲ್ಲಿ ಅಂಥ ಪ್ರಯೋಗವನ್ನು ಹಾಲಿವುಡ್ ಮಾಡಿದೆ ಎನ್ನಬಹುದು.

1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ, ಬೋರಿಸ್ ಕಾರ್ಲಾಫ್ ಅಭಿನಯದ ಪ್ರಸಿದ್ಧ ಚಲನಚಿತ್ರದಲ್ಲಿ ವಾಲ್ಟನ್ ಇಲ್ಲ, ಪತ್ರಗಳಿಲ್ಲ, ಹಿಮವಿಲ್ಲ. ಪರದೆಯ ಮುಂದೆ ಒಬ್ಬ ನಟ ಬಂದು, ಚಿತ್ರ ಭಯಂಕರವಾಗಿದೆ ಎಂದು ಪ್ರೇಕ್ಷಕರನ್ನು ಎಚ್ಚರಿಸಿ ಹೋಗುತ್ತಾನೆ. ನಂತರ ಕಥೆ ಸ್ಮಶಾನದಿಂದಲೇ ಆರಂಭವಾಗುತ್ತದೆ. ಸಿನಿಮಾಕ್ಕೆ ಇದು ಯಶಸ್ವಿ ಆರಂಭವೇ. ಚಿತ್ರ ಜನಪ್ರಿಯವಾಯಿತು, ಅಲ್ಲಿನ ದೈತ್ಯನ ಮುಖ ಜಗತ್ತಿಗೆಲ್ಲ ಪರಿಚಯವಾಯಿತು.

ಆದರೆ ಕಥೆ ಬದಲಾಯಿತು. ಕಾದಂಬರಿಯಲ್ಲಿ ಆ ಜೀವಿ ಭಾಷೆ ಕಲಿಯುತ್ತದೆ, ಪುಸ್ತಕ ಓದುತ್ತದೆ, ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತದೆ. ಆ ಚಿತ್ರದಲ್ಲಿ ಅದಕ್ಕೆ ಮಾತಿಲ್ಲ. ಕಾದಂಬರಿಯಲ್ಲಿ ಅದು ಕೆಡುವುದು ಯಾರೂ ಹತ್ತಿರ ಸೇರಿಸದ ಕಾರಣ. ಚಿತ್ರದಲ್ಲಿ ಸಹಾಯಕ ಅಪರಾಧಿಯೊಬ್ಬನ ಮಿದುಳನ್ನು ತಂದುಕೊಡುತ್ತಾನೆ. ತಪ್ಪು ಸೃಷ್ಟಿಸಿದವನ ಬೇಜವಾಬ್ದಾರಿಯಿಂದ ಒಂದು ಗಾಜಿನ ಭರಣಿಗೆ ವರ್ಗವಾಗುತ್ತದೆ! ಇಷ್ಟಕ್ಕೂ ಕೇವಲ ಆರಂಭವೇ ಕಾರಣವೆಂದಲ್ಲ. ಆದರೆ ಕೇಳಿ ಪಾಠ ಕಲಿಯಬಲ್ಲ ಒಬ್ಬ ವಾಲ್ಟನ್ ಇಲ್ಲದ ಮೇಲೆ ಉಳಿದದ್ದು ಹೆದರಿಸುವ ಕಥೆಯಷ್ಟೇ. 1994ರಲ್ಲಿ ಕೆನೆತ್ ಬ್ರಾನಾ ಮತ್ತೆ ಚಿತ್ರ ಮಾಡಿದಾಗ ವಾಲ್ಟನನನ್ನೂ ಹಿಮದ ಹಡಗನ್ನೂ ಆರಂಭಕ್ಕೆ ವಾಪಸು ತಂದ.

ಇಬ್ಬರು ತಂದೆಯರು

ಒಳ್ಳೆಯ ಆರಂಭ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮುಂದೆ ಮೊಳೆಯಬೇಕಾದ ಬೀಜವನ್ನು ಸದ್ದಿಲ್ಲದೆ ಬಿತ್ತಿಬಿಡುತ್ತದೆ. ಇದು ಪಾಲಕರು ವಿಶೇಷವಾಗಿ ಗಮನಿಸಬೇಕಾದ ಭಾಗ.

ಮೊದಲ ಪತ್ರದಲ್ಲಿ ಒಂದು ಚಿಕ್ಕ ವಿವರ ಬರುತ್ತದೆ. ವಾಲ್ಟನ್ ಹುಡುಗನಾಗಿದ್ದಾಗ ಚಿಕ್ಕಪ್ಪನ ಪುಸ್ತಕ ಭಂಡಾರದಲ್ಲಿದ್ದ ಸಮುದ್ರಯಾನದ ಗ್ರಂಥಗಳನ್ನೆಲ್ಲ ಹಗಲು ರಾತ್ರಿ ಓದಿದ್ದ. ಆದರೆ ಅವನು ನಾವಿಕನಾಗಲು ಬಿಡಕೂಡದೆಂದು ತಂದೆ ಸಾಯುವಾಗ ಕಟ್ಟಪ್ಪಣೆ ಮಾಡಿದ್ದ. ಆ ಆಸೆ ಅಲ್ಲಿಗೆ ಸತ್ತುಹೋಗಲಿಲ್ಲ. ನಡುವೆ ಒಂದು ವರ್ಷ ಕವಿಯಾಗಲು ಹೋಗಿ ಸೋತು, ಮತ್ತೆ ಸಮುದ್ರಕ್ಕೇ ಬಂದ.

ಓದುಗ ಇದನ್ನು ಮರೆತಿರುತ್ತಾನೆ. ಆಗ ವಿಕ್ಟರನ ಕಥೆಯಲ್ಲಿ ಇನ್ನೊಬ್ಬ ತಂದೆ ಬರುತ್ತಾನೆ. ವಿಕ್ಟರ್ 13 ವರ್ಷದವನಾಗಿದ್ದಾಗ, ಮಳೆಯಿಂದ ವಸತಿಗೃಹದಲ್ಲಿ ಸಿಕ್ಕಿಕೊಂಡ ಒಂದು ದಿನ, ಕಾರ್ನೀಲಿಯಸ್ ಅಗ್ರಿಪ್ಪ ಎಂಬ ಹಳೆಯ ಕಾಲದ ಮಾಂತ್ರಿಕ ವಿದ್ಯೆಯ ಲೇಖಕನ ಪುಸ್ತಕ ಅವನ ಕೈಗೆ ಸಿಗುತ್ತದೆ. ಸಂತೋಷದಿಂದ ತಂದೆಗೆ ತೋರಿಸುತ್ತಾನೆ. ತಂದೆ ಮೇಲಿನ ಹಾಳೆಯನ್ನಷ್ಟೇ ನೋಡಿ, ಇದೆಲ್ಲ ಕೆಲಸಕ್ಕೆ ಬಾರದ್ದು, ಕಾಲಹರಣ ಮಾಡಬೇಡ ಎಂದುಬಿಡುತ್ತಾನೆ. ಆ ಸಿದ್ಧಾಂತಗಳು ಸುಳ್ಳೆಂದು ಸಾಬೀತಾಗಿವೆ, ಅವುಗಳ ಜಾಗಕ್ಕೆ ಹೊಸ ವಿಜ್ಞಾನ ಬಂದಿದೆ ಎಂದು ತಂದೆ ವಿವರಿಸಿ ಹೇಳಿದ್ದರೆ ತಾನು ಆ ಪುಸ್ತಕವನ್ನು ಖಂಡಿತ ಬದಿಗಿಡುತ್ತಿದ್ದೆ ಎಂದು ವಿಕ್ಟರ್ ಮುಂದೆ ನೆನೆಯುತ್ತಾನೆ. ವಿವರಣೆ ಸಿಗದ ಹುಡುಗ ಗುಟ್ಟಾಗಿ ಅದನ್ನೇ ಓದಿದ.

ಒಬ್ಬ ತಂದೆ ಕಾರಣ ಹೇಳದೆ ತಡೆದ. ಇನ್ನೊಬ್ಬ ಕಾರಣ ಹೇಳದೆ ತಳ್ಳಿಹಾಕಿದ. ಐದು ನಿಮಿಷದ ವಿವರಣೆ ಇಬ್ಬರ ಬಳಿಯೂ ಇರಲಿಲ್ಲ. ಆರಂಭದ ಪತ್ರಗಳಿಲ್ಲದಿದ್ದರೆ ಇದು ವಿಕ್ಟರನ ಮನೆಯ ಒಂದು ಸಣ್ಣ ಘಟನೆಯಾಗಿ ಉಳಿಯುತ್ತಿತ್ತು. ಪತ್ರಗಳಿರುವುದರಿಂದ ಅದು ಎರಡು ಮನೆಗಳ ಕಥೆಯಾಗುತ್ತದೆ. ಎರಡು ಮನೆಗಳ ಕಥೆ ಎಲ್ಲ ಮನೆಗಳ ಕಥೆಯಾಗಲು ತಡವೇನು?

ಹೊಸ್ತಿಲಿಗೇ ಮರಳಿ

ಕೊನೆಯಲ್ಲಿ ಕಾದಂಬರಿ ಹಡಗಿಗೇ ಮರಳುತ್ತದೆ. ದಾರಿ ತೆರೆದರೆ ದಕ್ಷಿಣಕ್ಕೆ ತಿರುಗಲೇಬೇಕೆಂದು ನಾವಿಕರು ಪಟ್ಟು ಹಿಡಿಯುತ್ತಾರೆ. ವಾಲ್ಟನನಿಗೆ ಬುದ್ಧಿ ಹೇಳಲೆಂದು ಕಥೆ ಆರಂಭಿಸಿದ ವಿಕ್ಟರನೇ, ಹೇಡಿಗಳಂತೆ ಹಿಂದಿರುಗಬೇಡಿ ಎಂದು ನಾವಿಕರನ್ನು ಹುರಿದುಂಬಿಸುತ್ತಾನೆ! ಮನುಷ್ಯನ ಸ್ವಭಾವವನ್ನು ಲೇಖಕಿ ಎಷ್ಟು ಚೆನ್ನಾಗಿ ಬಲ್ಲಳು. ಆದರೂ ವಾಲ್ಟನ್ ಹಿಂದಿರುಗಲು ಒಪ್ಪುತ್ತಾನೆ. ಸಂತೋಷದಿಂದಲ್ಲ, ನಿರಾಸೆಯಿಂದಲೇ. ವಿಕ್ಟರ್ ಸಾಯುತ್ತಾನೆ. ಅವನ ಶವದ ಬಳಿ ಬಂದು ದುಃಖಿಸಿದ ಆ ಜೀವಿ ಹಿಮದ ಕತ್ತಲಲ್ಲಿ ಮರೆಯಾಗುತ್ತದೆ. ಮೊದಲ ಪತ್ರದಲ್ಲಿ ಎದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೊನೆಯ ಪತ್ರದಲ್ಲಿ.

ಆದ್ದರಿಂದ ಕಥೆ ಕಾದಂಬರಿ ಬರೆಯಲು ಹೊರಟ ವಿದ್ಯಾರ್ಥಿಗಳು ತಮ್ಮ ಆರಂಭವನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಈ ಭಾಗವನ್ನು ತೆಗೆದರೆ ಕೊನೆ ಕುಸಿಯುವುದೇ? ಕುಸಿಯದಿದ್ದರೆ ಅದು ಬೇಡ. ಇಲ್ಲಿ ಎದ್ದ ಪ್ರಶ್ನೆಗೆ ಮುಂದೆ ಉತ್ತರ ಸಿಗುವುದೇ? ಸಿಗದಿದ್ದರೆ ಅದು ಬೇರೆ ಯಾವುದೋ ಕಥೆಯ ಆರಂಭ. ಇದು ಓದುಗನನ್ನು ಒಳಗೆ ಕರೆಯುವುದಕ್ಕಿದೆಯೇ ಅಥವಾ ತನಗೆ ಗೊತ್ತಿರುವುದನ್ನೆಲ್ಲ ಸುರಿಯುವುದಕ್ಕಿದೆಯೇ? ಎರಡನೆಯದಾದರೆ ಅದು ಹೊಸ್ತಿಲಲ್ಲ, ಬಾಗಿಲಿಗೆ ಅಡ್ಡವಾಗಿ ಪೇರಿಸಿಟ್ಟ ಸಾಮಾನು. ನವೆಂಬರ್ ರಾತ್ರಿಯಂತೆ ನೇರವಾಗಿ ಧುಮುಕುವ ಆರಂಭವೂ ಸಣ್ಣ ಕಥೆಗೆ ಸರಿಯಾಗಬಹುದು. ಹೇಳಬೇಕಾದ ವಿಷಯ ಎಷ್ಟು ದೊಡ್ಡದು ಎಂಬುದರ ಮೇಲೆ ಅದು ನಿಂತಿದೆ.

ಮೊದಲ ಸಾಲು ಹೊಳೆಯದೆ ಕುಳಿತ ಮಗುವಿಗೆ ಮನೆಯವರು ಹೇಳಬಹುದಾದ ಮಾತು ಇದೇ. ಗೊತ್ತಿರುವ ಕಡೆಯಿಂದ ಬರೆಯಲು ತೊಡಗಲಿ, ನಡುವಿನಿಂದಲಾದರೂ ಸರಿ. 18 ವರ್ಷದ ಮೇರಿ ಮಾಡಿದ್ದೂ ಅದನ್ನೇ. ಬರೆದದ್ದು ಏನೆಂದು ಬರೆದ ಮೇಲೆ ತಿಳಿಯುತ್ತದೆ. ಅದು ತಿಳಿದ ಮೇಲೆ ಹೊಸ್ತಿಲನ್ನು ಎಲ್ಲಿಡಬೇಕೆಂಬುದೂ ತಿಳಿಯುತ್ತದೆ. ಮುದ್ದೆಯಾಗಿ ಮೂಲೆ ಸೇರಿದ ಆ ಹಾಳೆಯನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಅದರಲ್ಲಿರುವುದು ಐದನೆಯ ಅಧ್ಯಾಯವೂ ಇರಬಹುದು.